ಮಗುವೂ ಅದರ ಮೆಚ್ಚಿನ ಪುಸ್ತಕವೂ

ಮಕ್ಕಳ ಓದನ್ನು ಕುರಿತು ಹಿರಿಯರು ಚರ್ಚಿಸುವಾಗ, ಅವರಿಗೆ ಯಾವ ಪುಸ್ತಕವನ್ನು ಕೊಡಬೇಕೆಂಬ ಪ್ರಶ್ನೆಯೇ ಮೊದಲು ಬರುವುದುಂಟು. ಮಗು ತಾನಾಗಿ ಯಾವುದನ್ನು ಎತ್ತಿಕೊಳ್ಳುತ್ತದೆ, ಏಕೆ ಎತ್ತಿಕೊಳ್ಳುತ್ತದೆ ಎಂದು ವಿಚಾರಿಸುವವರು ವಿರಳ. ಆದರೆ ಅಭಿರುಚಿಯ ಬೇರು ಇರುವುದು ಈ ಎರಡನೆಯ ಪ್ರಶ್ನೆಯಲ್ಲಿಯೇ.

ಗ್ರಂಥಾಲಯ ಶಾಸ್ತ್ರಜ್ಞರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ, ಪ್ರತಿಯೊಬ್ಬ ವಾಚಕನಿಗೂ ಅವನಿಗೊಪ್ಪುವ ಪುಸ್ತಕ ದೊರೆಯಬೇಕೆಂಬುದು ಒಂದು. ಮಗುವೂ ವಾಚಕನೇ ಅಲ್ಲವೆ? ಒಪ್ಪುವುದೆಂದರೇನು ಎಂಬುದಕ್ಕೆ ಅಮೆರಿಕದ ವಿದುಷಿ ರುಡೀನ್ ಸಿಮ್ಸ್ ಬಿಷಪ್ ಅವರು 1990ರಲ್ಲಿ ಒಂದು ಉಪಮೆಯನ್ನಿತ್ತರು. ಪುಸ್ತಕವು ಕಿಟಕಿಯಾಗಬಲ್ಲದು, ಕನ್ನಡಿಯೂ ಆಗಬಲ್ಲದು. ಕಿಟಕಿಯಿಂದ ಪರರ ಬಾಳು ಕಾಣುವುದು. ಕನ್ನಡಿಯಲ್ಲಿ ನಮ್ಮದೇ ಬಾಳು ಕಾಣುವುದು. ಯಾವ ಪುಸ್ತಕದಲ್ಲಿಯೂ ತನ್ನನ್ನು ಕಾಣದ ಮಗು, ಆ ಲೋಕದಲ್ಲಿ ತನಗೆ ಎಡೆಯಿಲ್ಲವೆಂದು ಬಗೆದರೆ ಆಶ್ಚರ್ಯವಿಲ್ಲ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಇಲಿಗಳ ಕಥೆಯನ್ನು ಬ್ರೌನಿಂಗ್ ಕವಿ ಇಂಗ್ಲಿಷಿನಲ್ಲಿ ಹಾಡಿದ್ದನು. ಕುವೆಂಪು ಅವರು ಅದನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದು, ಕೊಳಲೂದುವವನ ಎಡೆಯಲ್ಲಿ ಕಿಂದರಿಜೋಗಿಯನ್ನು ನಿಲ್ಲಿಸಿದರು. ಪಂಜೆ ಮಂಗೇಶರಾಯರು ಹಾವನ್ನೂ, ಜಿ. ಪಿ. ರಾಜರತ್ನಂ ಅವರು ತುತ್ತೂರಿ, ನಾಯಿಮರಿಗಳನ್ನೂ ಪದ್ಯದ ವಸ್ತುವಾಗಿಸಿದರು. ಕನ್ನಡ ನಾಡಿನ ಮಗುವಿಗೆ ಇವೆಲ್ಲ ಕಂಡ ವಸ್ತುಗಳೇ.

ಮುಂಬಯಿಯ ಕನ್ನಡ ಮಗುವಿನ ಸ್ಥಿತಿ ಬೇರೆ. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಅದಕ್ಕೆ ಬೊಮ್ಮನಹಳ್ಳಿಯೂ ಹ್ಯಾಮೆಲಿನ್ನಿನಂತೆ ಕಿಟಕಿಯಾಚೆಯ ಊರೇ. ಆದರೂ ಕನ್ನಡಿಯ ಒಂದು ಚೂರು ಎಲ್ಲಿಯಾದರೂ ಹೊಳೆಯುವುದುಂಟು. ನೆರೆಮನೆಯ ಏಳು ವರ್ಷದ ಹುಡುಗಿ ನಮ್ಮ ಕಪಾಟಿನಿಂದ ಒಂದೇ ಕನ್ನಡ ಪುಸ್ತಕವನ್ನು ಮತ್ತೆ ಮತ್ತೆ ತೆಗೆಯುತ್ತಿದ್ದಳು. ಅವಳಿಗೆ ಅಕ್ಷರಗಳು ಇನ್ನೂ ಸರಿಯಾಗಿ ಬಾರವು. ಕಾರಣ ಕೇಳಿದಾಗ ಚಿತ್ರವೊಂದರ ಮೇಲೆ ಬೆರಳಿಟ್ಟು, “ಮಾಮಾ, ಈ ಒರಳುಕಲ್ಲು ನಮ್ಮ ಅಜ್ಜಿಯ ಮನೆಯಲ್ಲಿದೆ” ಎಂದಳು. ಚಿತ್ರದ ಕೆಳಗಿನ ಆ ಹೆಸರೇ ಅವಳು ತಾನಾಗಿ ಕೂಡಿಸಿ ಓದಿದ ಮೊದಲ ಕನ್ನಡ ಪದವಾಯಿತು.

ಇದರಿಂದ ನಾವು ಕಲಿಯಬೇಕಾದುದು ಇಷ್ಟು: ಮಕ್ಕಳ ಪುಸ್ತಕಗಳು ಬೀಗದ ಕಪಾಟಿನಲ್ಲಿರದೆ ಅವರ ಕೈಗೆಟಕುವಂತಿರಲಿ. ಓದಿದ್ದನ್ನೇ ಮತ್ತೆ ಓದುವ ಮಗುವನ್ನು ಗದರಿಸದೆ, ಅದರಲ್ಲಿ ಮೆಚ್ಚಿದ್ದೇನೆಂದು ಕೇಳೋಣ. ಚಾಳಿನ ಮೆಟ್ಟಿಲು, ಲೋಕಲ್ ರೈಲು, ಸಮುದ್ರತೀರಗಳಿರುವ ಕನ್ನಡ ಕಥೆಗಳನ್ನು ಇಲ್ಲಿನ ಲೇಖಕರೇ ಬರೆಯಲಿ. ಹೊರನಾಡಿನ ಮಗುವಿಗೆ ಕನ್ನಡವು ಕೇವಲ ಹಿರಿಯರ ಆಜ್ಞೆಯಾಗಿ ಉಳಿಯುವುದೋ, ತನ್ನ ಸ್ವಂತ ನುಡಿಯಾಗುವುದೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.