ಪಲಾವ್ ಹಳಸುತ್ತೆ, ಪುಳಿಯೋಗರೆ ಯಾಕೆ ಉಳಿಯುತ್ತೆ?

ಬೇಸಿಗೆಯಲ್ಲಿ ಹಗಲಿನ ರೈಲು ಹಿಡಿದು ಸ್ಲೀಪರ್ ಕೋಚ್‌ನಲ್ಲಿ ಬೆಂಗಳೂರಿಂದ ಕಲಬುರಗಿಗೆ ಹೋದವರಿಗೆ ಗೊತ್ತು. ಗುಂತಕಲ್ ದಾಟಿ ರಾಯಚೂರು ಹತ್ತಿರ ಆಗ್ತಿದ್ದಂಗೆ ಕಿಟಕಿಯಿಂದ ಬರೋದು ಗಾಳಿ ಅಲ್ಲ, ಒಲೆಯ ಉರಿ. ಮೇ ತಿಂಗಳಲ್ಲಿ ಆ ಕಡೆ 40 ಡಿಗ್ರಿ ದಾಟೋದು ಮಾಮೂಲಿ. ಅಂಥ ಬಿಸಿಯಲ್ಲಿ, ಅಷ್ಟು ಜನರ ನಡುವೆ ಹೊಟ್ಟೆ ಕೆಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷ ನಮ್ಮ ಗುಂಪಿನ ಒಬ್ಬ ಬೆಳಗ್ಗೆ ಬಿಸಿಬಿಸಿಯಾಗಿ ಕಟ್ಟಿಸಿಕೊಂಡ ಪಲಾವನ್ನು ಮಧ್ಯಾಹ್ನ ಮೂರಕ್ಕೆ ತಿಂದ. ರಜೆಯ ಮೊದಲ ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ. ಅದೇ ಡಬ್ಬಿ ಸಾಲಿನಲ್ಲಿದ್ದ ಇನ್ನೊಬ್ಬನ ಪುಳಿಯೋಗರೆ ತಿಂದವರಿಗೆ ಏನೂ ಆಗಲಿಲ್ಲ. ಎರಡೂ ಅನ್ನವೇ ತಾನೇ? ಹಾಗಾದ್ರೆ ವ್ಯತ್ಯಾಸ ಎಲ್ಲಿದೆ ಅಂತ ನಾವು ಕೂತು ಓದಿದೆವು.

ಮೊದಲು ಅನ್ನದ ಕಥೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರೋದು ಸಾಮಾನ್ಯ. ಕುಕ್ಕರ್‌ನಲ್ಲಿ ಅನ್ನ ಬೆಂದರೂ ಇವುಗಳಲ್ಲಿ ಕೆಲವು ಸಾಯಲ್ಲ, ಸುಮ್ಮನೆ ಕಾಯುತ್ತವೆ. ಅನ್ನ ಬೆಚ್ಚಗೆ ಉಳಿದರೆ ಎದ್ದು ಬೆಳೀತವೆ, ವಿಷ ಬಿಡ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಅದಕ್ಕೇ 'ಬಿಸಿ ಮಾಡ್ಕೊಂಡು ತಿಂದ್ರೆ ಸರಿಹೋಗುತ್ತೆ ಬಿಡು' ಅನ್ನೋ ಹಾಸ್ಟೆಲ್ ಸಿದ್ಧಾಂತ ಇಲ್ಲಿ ಕೆಲಸ ಮಾಡಲ್ಲ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ತನಕ ಅಪಾಯದ ವಲಯ ಅಂತಾರೆ. ಬೇಯಿಸಿದ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿಗಿಂತ ಜಾಸ್ತಿ ಬಿಸಿಲಿದ್ದರೆ 1 ಗಂಟೆ ಅಷ್ಟೇ ಅನ್ನೋದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಈ ಲೆಕ್ಕದಲ್ಲಿ ಪಲಾವ್ ಯಶವಂತಪುರದಲ್ಲೋ ಯಲಹಂಕದಲ್ಲೋ ಮುಗೀಬೇಕು.

ಬಿಸಿಬಿಸಿ ಕಟ್ಟೋದು ಇದನ್ನ ಇನ್ನೂ ಕೆಡಿಸುತ್ತೆ. ಮುಚ್ಚಳ ಹಾಕಿದ ಮೇಲೆ ಹಬೆಗೆ ಹೋಗೋಕೆ ಜಾಗ ಇಲ್ಲ, ಮುಚ್ಚಳದ ಒಳಗಡೆ ನೀರಾಗಿ ಮತ್ತೆ ಅನ್ನದ ಮೇಲೇ ತೊಟ್ಟಿಕ್ಕುತ್ತೆ. ಒತ್ತಿ ತುಂಬಿದ ಡಬ್ಬಿಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ. ಹೀಟ್ ಟ್ರಾನ್ಸ್‌ಫರ್ ಓದೋ ಮೆಕ್ಯಾನಿಕಲ್‌ನವರಿಗೆ ಇದನ್ನ ನಾವು ಹೇಳಿಕೊಡೋದು ಅಧಿಕಪ್ರಸಂಗ. ಅಗಲ ತಟ್ಟೆಗೆ ಹರಡಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಆರಿಸಿ, ಒಣ ಡಬ್ಬಿಗೆ ತುಂಬಿ. ಮನೆಯಲ್ಲಿ ಅಮ್ಮಂದಿರು ಮಾಡೋದೂ ಇದನ್ನೇ. ಯಾಕೆ ಅಂತ ನಾವು ಕೇಳಿರಲ್ಲ, ಅಷ್ಟೇ.

ಈಗ ಪುಳಿಯೋಗರೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಇದೆ, ಹುಳಿ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾಗಳಿಗೆ ಬೆಳೆಯೋದು ಕಷ್ಟ. ಗೊಜ್ಜನ್ನು ಎಣ್ಣೆ ಬಿಡೋ ತನಕ ಕುದಿಸ್ತಾರಲ್ಲ, ಅಷ್ಟು ಹೊತ್ತಿಗೆ ಅದರ ನೀರಿನ ಬಹುಪಾಲು ಹೋಗಿರುತ್ತೆ. ಉಳಿದ ನೀರನ್ನೂ ಬೆಲ್ಲ, ಉಪ್ಪು ಹಿಡಿದಿಟ್ಟುಕೊಳ್ತವೆ. ಹಾಗಾಗಿ ಗೊಜ್ಜು ವಾರಗಟ್ಟಲೆ ಇರುತ್ತೆ. ಮೇಲುಕೋಟೆಯ ಪುಳಿಯೋಗರೆಗೆ ಹೆಸರು ಬಂದಿದ್ದು ರುಚಿಗೆ ಇರಬಹುದು, ಆದರೆ ಹುಳಿಯನ್ನಕ್ಕೂ ಯಾತ್ರೆಗೂ ಇರೋ ನಂಟು ಸುಮ್ಮನೆ ಬಂದಿದ್ದಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಒಂದು ಪಾವು ಅಕ್ಕಿಗೆ ನಿಂಬೆಹಣ್ಣಿನ ಗಾತ್ರದ ಹುಣಸೆ ಸಾಕು. ಅನ್ನ ಉದುರುದುರಾಗಿರಲಿ. ಒಗ್ಗರಣೆಗೆ ಎಳ್ಳೆಣ್ಣೆ. ತುರಿಯೋದಾದ್ರೆ ಕೊಬ್ಬರಿ, ಹಸಿ ತೆಂಗಿನಕಾಯಿ ಬೇಡ, ಅದು ಎಲ್ಲಕ್ಕಿಂತ ಮೊದಲು ಹಳಸುತ್ತೆ. ಈರುಳ್ಳಿಯೂ ಬೇಡ. ಚಿತ್ರಾನ್ನದಲ್ಲಿ ನಿಂಬೆ ಇದ್ದರೂ ಬೇಗ ಕೆಡೋದು ಈ ಎರಡರಿಂದಲೇ ಜಾಸ್ತಿ. ಇನ್ನೊಂದು ವಿಷಯ. 'ಗೊಜ್ಜು ಬೇರೆ, ಅನ್ನ ಬೇರೆ ಕಟ್ಟಿ, ತಿನ್ನೋವಾಗ ಕಲಸ್ಕೊಳ್ತೀವಿ' ಅನ್ನೋ ಐಡಿಯಾ ಕೇಳೋಕೆ ಚೆನ್ನಾಗಿದೆ, ಆದರೆ ಉಲ್ಟಾ. ಬರೀ ಅನ್ನಕ್ಕೆ ಯಾವ ರಕ್ಷಣೆಯೂ ಇಲ್ಲ. ಹುಳಿ ಪ್ರತಿ ಅಗುಳಿಗೂ ಹತ್ತಿರಬೇಕು, ಅಂದ್ರೆ ಮನೆಯಲ್ಲೇ ಕಲಸಬೇಕು. ಹಾಗಂತ ಪುಳಿಯೋಗರೆ ಅಮರ ಅಲ್ಲ, ಬೆಳಗ್ಗೆ ಕಲಸಿದ್ದನ್ನ ಮಧ್ಯಾಹ್ನ ಮುಗಿಸಿ.

ಮೊಸರನ್ನದ ಉಪಾಯ ನಮಗೆ ಇದಕ್ಕಿಂತ ಇಷ್ಟ. ಮೊಸರು ಹಾಕಿ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಬಾಯಿಗಿಡೋಕೆ ಆಗದಷ್ಟು ಹುಳಿ. ಅದಕ್ಕೆ ಅನ್ನವನ್ನು ಮೆತ್ತಗೆ ಮಾಡಿ, ಕಾಯಿಸಿದ ಹಾಲು ಹಾಕಿ ಮಸೆದು, ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಮೊಸರು ಮಾತ್ರ ಹಾಕ್ತಾರೆ. ಹೆಪ್ಪುಗಟ್ಟೋ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿ ಆಸುಪಾಸು ಹಬ್ಬ. ನಮ್ಮನ್ನು ಸುಡೋ ಬೋಗಿಯೇ ಅವುಗಳಿಗೆ ಇನ್‌ಕ್ಯುಬೇಟರ್. ನೀವು ಪಕ್ಕದ ಸೀಟಿನವರ ಜತೆ ಹರಟುತ್ತಾ ಇರೋವಾಗ ಡಬ್ಬಿಯಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಾಗ್ತಾ ಇರುತ್ತೆ. ನಾಲ್ಕೈದು ಗಂಟೆ ಬಿಟ್ಟು ತೆಗೆದರೆ ಹದವಾದ ಮೊಸರನ್ನ. ಹಾಲು ತೀರಾ ಬಿಸಿ ಇದ್ದಾಗ ಮೊಸರು ಹಾಕಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಸತ್ತು ಬರೀ ಹಾಲನ್ನ ಉಳಿಯುತ್ತೆ. ಅದನ್ನ ಮಾತ್ರ ತಿನ್ನಬೇಡಿ. ಈರುಳ್ಳಿ, ದ್ರಾಕ್ಷಿ, ದಾಳಿಂಬೆ ಎಲ್ಲ ತಟ್ಟೆಗೆ ಹಾಕಿಕೊಂಡ ಮೇಲೆ.

ಇಷ್ಟೆಲ್ಲ ಓದಿ ಹೇಳಿದ್ದಕ್ಕೆ ನಮ್ಮ ಕಲಬುರಗಿ ಗೆಳೆಯ ನಕ್ಕುಬಿಟ್ಟ. 'ಇಷ್ಟ್ ತಲಿ ಯಾಕ್ ಕೆಡಿಸ್ಕೋತೀರೋ, ರೊಟ್ಟಿ ಕಟ್ಕೊಂಡ್ ಬರ್ರಿ' ಅಂದ. ಅವನು ಹೇಳಿದ್ದು ಸರಿ. ಆಹಾರದಲ್ಲಿ ಎಷ್ಟು ನೀರಿದೆ ಅನ್ನೋದಕ್ಕಿಂತ, ಬ್ಯಾಕ್ಟೀರಿಯಾಗೆ ಸಿಗೋ ಹಾಗೆ ಎಷ್ಟಿದೆ ಅನ್ನೋದು ಮುಖ್ಯ. ಇದನ್ನ ವಾಟರ್ ಆ್ಯಕ್ಟಿವಿಟಿ ಅಂತ ಅಳೀತಾರೆ. ಶುದ್ಧ ನೀರಿಗೆ 1. ಅನ್ನ ಅದರ ಹತ್ತಿರವೇ ಇರುತ್ತೆ. 0.85ಕ್ಕಿಂತ ಕೆಳಗೆ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಬೆಳೆಯಲ್ಲ, 0.6ಕ್ಕಿಂತ ಕೆಳಗೆ ಬೂಷ್ಟೂ ಬರಲ್ಲ. ತೆಳ್ಳಗೆ ಬಡಿದು ಬೇಯಿಸಿ ಗರಿಗರಿಯಾಗಿ ಒಣಗಿಸಿದ ಜೋಳದ ಕಡಕ್ ರೊಟ್ಟಿ, ಸಜ್ಜೆ ರೊಟ್ಟಿ ಆ ಕೆಳಗಿನ ಲೋಕದವು. ವಾರಗಟ್ಟಲೆ ಏನೂ ಆಗಲ್ಲ. ಶೇಂಗಾ ಹಿಂಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಯೂ ಹಾಗೇ. ಮೇಲೆ ಒಂದು ಚಮಚ ಎಣ್ಣೆ ಹಾಕಿಕೊಂಡರೆ ಊಟ ಆಯ್ತು. ಎಣ್ಣೆಗಾಯಿ ಬದನೆಕಾಯಿ ಬೇಕು ಅನ್ನೋರು ಅದನ್ನ ಮನೆಯಲ್ಲೇ ತಿಂದು ಹೊರಡಿ. ನಿಪ್ಪಟ್ಟು, ಕೋಡುಬಳೆ, ಚಕ್ಕುಲಿಗೂ ಇದೇ ಸೂತ್ರ, ಆದರೆ ಬರೀ ಅವನ್ನೇ ತಿಂದರೆ ಬಾಯಾರಿಕೆಯಲ್ಲಿ ಸಾಯ್ತೀರಿ.

ಹಾಸ್ಟೆಲ್‌ನಲ್ಲಿ ಒಲೆ ಇಲ್ಲ ಅನ್ನೋರಿಗೆ ತೆಳು ಅವಲಕ್ಕಿ. ಹುರಿಗಡಲೆ, ಹುರಿದ ಶೇಂಗಾ, ಚಟ್ನಿಪುಡಿ, ಪುಡಿ ಬೆಲ್ಲ ಕಲಸಿ ಒಣಗಿದ್ದಂತೆಯೇ ಒಯ್ಯಿರಿ. ದಾರಿಯಲ್ಲಿ ಮೊಸರಿನ ಪ್ಯಾಕೆಟ್ ಸಿಕ್ಕರೆ ಅದೇ ಮೊಸರವಲಕ್ಕಿ. ರಾಗಿ ಹುರಿಹಿಟ್ಟೂ ಅಷ್ಟೇ ಸುಲಭ. ರಾಗಿ ಅರಳಿಸಿ ಬೀಸಿದ್ದರಿಂದ ಮತ್ತೆ ಬೇಯಿಸೋ ಕೆಲಸ ಇಲ್ಲ, ಮಜ್ಜಿಗೆ ಉಪ್ಪು ಹಾಕಿ ಲೋಟದಲ್ಲೇ ಕದಡಿ ಕುಡೀಬಹುದು. ನೋಡೋಕೆ ಸಿಮೆಂಟ್ ಥರ, ಹೊಟ್ಟೆಗೆ ತಂಪು. ಸೌತೆಕಾಯಿ, ಬಾಳೆಹಣ್ಣು, ಕಿತ್ತಳೆ ಒಯ್ಯೋದಾದ್ರೆ ಇಡಿಯಾಗೇ ಒಯ್ಯಿರಿ. ಸಿಪ್ಪೆಗಿಂತ ಒಳ್ಳೇ ಪ್ಯಾಕಿಂಗ್ ಇಲ್ಲ.

ಇಷ್ಟಾಗಿಯೂ ಯಾರಿಗಾದರೂ ಭೇದಿ ಶುರುವಾದರೆ ಚೀಲದಲ್ಲಿ ಒಂದೆರಡು ಓಆರ್‌ಎಸ್ ಪೊಟ್ಟಣ ಇರಲಿ. ಅದಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಅಳತೆ ಮುಖ್ಯ, ಉಪ್ಪು ಜಾಸ್ತಿಯಾದರೆ ತೊಂದರೆ. ಪದೇಪದೇ ವಾಂತಿಯಾಗ್ತಿದ್ದರೆ 139ಕ್ಕೆ ಕರೆ ಮಾಡಿ, ರೈಲ್ವೆ ಸಹಾಯವಾಣಿ ಅದು, ವೈದ್ಯಕೀಯ ನೆರವನ್ನೂ ಕೇಳಬಹುದು.

ಮತ್ತೆ, ಚಟ್ನಿಪುಡಿ ಡಬ್ಬಿಗೆ ಒದ್ದೆ ಚಮಚ ಹಾಕೋ ಪ್ರಾಣಿ ಪ್ರತಿ ಗುಂಪಲ್ಲೂ ಒಂದು ಇರುತ್ತೆ. ಅವನಿಗೆ ಬೇರೆ ಪೊಟ್ಟಣ ಕಟ್ಟಿಕೊಡಿ.