ಎಳ್ಳಮಾವಾಸ್ಯೆಯ ಹೊಲದೂಟ

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳಮಾವಾಸ್ಯೆ ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಚಳಿಗಾಲದ ದೊಡ್ಡ ಹಬ್ಬ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಸೀಮೆಗಳಲ್ಲಿ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೂಜೆ, ಊಟ, ಹರಟೆ, ಮಕ್ಕಳ ಆಟ ಎಲ್ಲವೂ ಬೆಳೆದು ನಿಂತ ಪೈರಿನ ನಡುವೆಯೇ. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಹಬ್ಬದ ದಿನ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಹಿಂದೆಮುಂದೆ ಸರಿಯುತ್ತದೆ. 2024ರಲ್ಲಿ ಅದು ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಬಂದಿತ್ತು.

ಈ ಹಬ್ಬ ಇದೇ ಹೊತ್ತಿಗೆ ಬರುವುದಕ್ಕೆ ಕಾರಣ ಹೊಲದಲ್ಲೇ ಇದೆ. ಈ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ. ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಬೆಳೆ ಮೇಲೇಳುತ್ತದೆ, ಚಳಿಗಾಲದ ಇಬ್ಬನಿ ಅದಕ್ಕೆ ಒತ್ತಾಸೆ. ಎಳ್ಳಮಾವಾಸ್ಯೆಯ ವೇಳೆಗೆ ಜೋಳ ಹೊಡೆಗಟ್ಟಿ ತೆನೆ ಹೊರಬರುತ್ತಿರುತ್ತದೆ. ಕಡಲೆ ಹೂಬಿಟ್ಟು ಕಾಯಿಕಟ್ಟುತ್ತಿರುತ್ತದೆ, ಕುಸುಬೆ ಮುಳ್ಳು ಬಲಿಯುತ್ತಿರುತ್ತದೆ, ಮುಂಗಾರಿನಲ್ಲಿ ಬಿತ್ತಿದ ತೊಗರಿ ಕೊಯ್ಲಿಗೆ ಬಂದಿರುತ್ತದೆ. ಹೊಡೆತುಂಬಿದ ಪೈರನ್ನು ಹೊತ್ತ ಭೂಮಿಯನ್ನು ರೈತರು ತುಂಬು ಬಸುರಿ ಎಂದೇ ಕಾಣುತ್ತಾರೆ. ಬಸುರಿ ಮಗಳಿಗೆ ತವರಿನವರು ಬಯಕೆಯ ಅಡಿಗೆ ಮಾಡಿ ಉಣಿಸುವಂತೆ ಭೂತಾಯಿಗೆ ಉಡಿ ತುಂಬಿ ಉಣಬಡಿಸುವುದು ಹಬ್ಬದ ತಿರುಳು. ಅಕ್ಟೋಬರ್ ಹೊತ್ತಿನ ಶೀಗಿ ಹುಣ್ಣಿಮೆಯಲ್ಲೂ ಹೊಲಕ್ಕೆ ಹೋಗಿ ಚರಗ, ಅಂದರೆ ಕಲಸಿದ ಹಬ್ಬದ ಅಡಿಗೆ, ಚೆಲ್ಲುವ ಪದ್ಧತಿ ಹಲವೆಡೆ ಇದೆ. ಅದು ಮುಂಗಾರಿ ಬೆಳೆಯ ಕಾಲದ್ದು, ಎಳ್ಳಮಾವಾಸ್ಯೆ ಹಿಂಗಾರಿಯದು.

ಹಬ್ಬದ ಸಡಗರ ಒಂದೆರಡು ವಾರ ಮುಂಚೆಯೇ ಅಡಿಗೆಮನೆಯಲ್ಲಿ ಶುರುವಾಗುತ್ತದೆ. ಓಣಿಯ ಹೆಣ್ಣುಮಕ್ಕಳು ಒಬ್ಬರ ಮನೆಗೆ ಒಬ್ಬರು ಹೋಗಿ ಸಜ್ಜೆ ರೊಟ್ಟಿ ಬಡಿಯುತ್ತಾರೆ. ಸಜ್ಜೆ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ತೆಳ್ಳಗೆ ಬಡಿದು, ಮೇಲೆ ಎಳ್ಳು ಉದುರಿಸಿ ಅಂಗೈಯಿಂದ ಒತ್ತಿ ಹಂಚಿಗೆ ಹಾಕುತ್ತಾರೆ. ಬೆಂದ ರೊಟ್ಟಿಯನ್ನು ಒಲೆಯ ಪಕ್ಕ ಒರಗಿಸಿಟ್ಟರೆ ಅದು ಆ ಕಾವಿಗೇ ಒಣಗಿ ಕಟಕಟಿ ಆಗುತ್ತದೆ. ಹೀಗೆ ಮಾಡಿದ್ದು ವಾರಗಟ್ಟಲೆ ಕೆಡುವುದಿಲ್ಲ. ಚಳಿಗೆ ಸಜ್ಜೆ ಮತ್ತು ಎಳ್ಳು ಮೈಗೆ ಕಾವು ಕೊಡುತ್ತವೆ ಎಂಬುದು ಹಿರಿಯರ ಮಾತು. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಡಿಸೆಂಬರ್–ಜನವರಿಯಲ್ಲಿ ಬೀದರ್, ವಿಜಯಪುರಗಳಲ್ಲಿ ರಾತ್ರಿಯ ಉಷ್ಣಾಂಶ ಕೆಲವು ದಿನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ತುಟಿ ಹಿಮ್ಮಡಿಗಳು ಒಡೆಯುತ್ತವೆ. ಎಣ್ಣೆಯಂಶದ ಊಟ ಈ ಒಣ ಚಳಿಗೆ ಹೇಳಿ ಮಾಡಿಸಿದ್ದು.

ಅಡಿಗೆಯ ಪಟ್ಟಿ ಊರಿಂದೂರಿಗೆ ಬದಲಾಗುತ್ತದೆ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಹೂರಣದ ಕಡಬು, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಜುಣಕ, ಅಗಸಿ ಮತ್ತು ಗುರೆಳ್ಳು ಚಟ್ನಿ, ಮೊಸರನ್ನ ಇವು ಬಹುತೇಕ ಎಲ್ಲೆಡೆ ಇರುತ್ತವೆ. ಆದರೆ ಕಲಬುರಗಿ–ಬೀದರ್ ಕಡೆಯವರಿಗೆ ಬಜ್ಜಿ ಇಲ್ಲದೆ ಎಳ್ಳಮಾವಾಸ್ಯೆಯೇ ಇಲ್ಲ. ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ ಇದು. ಹಸಿ ತೊಗರಿಕಾಳು, ಅವರೆಕಾಳು, ಹಸಿ ಕಡಲೆ, ಶೇಂಗಾ, ಮೆಂತ್ಯ, ಪಾಲಕ್, ಕಡಲೆ ಸೊಪ್ಪು, ಬದನೆ, ಗಜ್ಜರಿ, ಹೀಗೆ ಆ ಕಾಲದಲ್ಲಿ ಹೊಲದಲ್ಲೂ ಸಂತೆಯಲ್ಲೂ ಸಿಗುವುದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಹುಳಿ ಸೇರಿಸಿ, ಕಡಲೆ ಹಿಟ್ಟು ಕಲಸಿ ಗಟ್ಟಿಯಾಗುವವರೆಗೆ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ. ಆ ವರ್ಷ ಭೂಮಿ ಏನು ಕೊಟ್ಟಿತು ಎಂಬುದು ಬಜ್ಜಿಯ ಒಂದು ತುತ್ತಿನಲ್ಲೇ ತಿಳಿಯುತ್ತದೆ. ಇದರ ಅಳತೆಯನ್ನು ಯಾರೂ ಬರೆದಿಡುವುದಿಲ್ಲ. ಅತ್ತೆಯ ಕೈಯಿಂದ ಸೊಸೆಗೆ, ತಾಯಿಯ ಕೈಯಿಂದ ಮಗಳಿಗೆ ನೋಡಿ ಮಾಡಿಯೇ ದಾಟುತ್ತದೆ. ಅಜ್ಜಿ ತೀರಿಹೋದ ಮನೆಗಳಲ್ಲಿ ಬಜ್ಜಿ ಉಣ್ಣುವಾಗಲೆಲ್ಲ ಅಜ್ಜಿಯ ಹೆಸರು ಬಾರದೆ ಇರುವುದಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ ಕಟ್ಟುತ್ತಾರೆ. ಬಂಡಿಯಲ್ಲಿ ಹಿರಿಯರು, ಮಕ್ಕಳು, ಬುತ್ತಿಯ ಗಂಟುಗಳು. ಗಂಡಸರು ಕೆಲವರು ಹಿಂದೆ ನಡೆದು ಬರುತ್ತಾರೆ. ಈಗ ಬಹಳ ಊರುಗಳಲ್ಲಿ ಎತ್ತುಗಳೇ ಕಡಿಮೆಯಾಗಿ ಟ್ರ್ಯಾಕ್ಟರ್, ಟಂಟಂ, ಬೈಕುಗಳು ಆ ಜಾಗಕ್ಕೆ ಬಂದಿವೆ. ಬಂಡಿಯ ನಿಧಾನದಲ್ಲಿ ದಾರಿಯುದ್ದಕ್ಕೂ ಯಾರ ಹೊಲ ಹೇಗಿದೆ ಎಂದು ನೋಡುವುದು, ಎದುರಾದವರನ್ನು ಊಟಕ್ಕೆ ಕರೆಯುವುದು ನಡೆಯುತ್ತಿತ್ತು. ಟ್ರ್ಯಾಕ್ಟರಿನ ಸದ್ದಿನಲ್ಲಿ ಆ ಮಾತುಕತೆಗೆ ಎಡೆ ಕಡಿಮೆ. ಈ ಹಬ್ಬ ಕಳೆದುಕೊಂಡದ್ದರಲ್ಲಿ ಇದು ದೊಡ್ಡದು.

ಹೊಲ ಮುಟ್ಟಿದ ಮೇಲೆ ಮೊದಲು ಪೂಜೆ. ಬನ್ನಿ ಗಿಡದ ಬುಡದಲ್ಲೋ ಪೈರಿನ ನಡುವೆಯೋ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಭೂತಾಯಿಗೆ ಸೀರೆ, ಕುಪ್ಪಸ, ಬಳೆ ಇಟ್ಟು ಉಡಿ ತುಂಬಿ ಎಡೆ ಹಿಡಿಯುತ್ತಾರೆ. ಅನೇಕ ಮನೆತನಗಳು ತೀರಿಹೋದವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿರುತ್ತವೆ. ಅಂಥ ಕಡೆ ಹಿರಿಯರ ಗದ್ದುಗೆಗೂ ಅದೇ ದಿನ ಎಡೆ ಸಲ್ಲುತ್ತದೆ. ಮುತ್ತಜ್ಜ ಯಾರು, ಈ ಬಾವಿ ಯಾರು ತೋಡಿಸಿದ್ದು, ಈ ಬದುವಿನ ಬೇವು ಯಾರು ನೆಟ್ಟದ್ದು ಎಂದು ಮಕ್ಕಳು ಕೇಳುವುದು, ದೊಡ್ಡವರು ಹೇಳುವುದು ಆ ಗದ್ದುಗೆಯ ಎದುರಿಗೇ.

ನಂತರ ಚರಗ. ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಗೆ ಹಾಕಿಕೊಂಡು ಒಬ್ಬರು ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾರೆ. ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುತ್ತಾರೆ. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ ಹಿಂದಿನವರು ಅದಕ್ಕೆ ದನಿಗೂಡಿಸುತ್ತಾರೆ. ಅಕ್ಕಪಕ್ಕದ ಹೊಲಗಳಿಂದಲೂ ಅದೇ ಕೂಗು ಕೇಳಿಬರುತ್ತದೆ. ಚೆಲ್ಲಿದ ಅನ್ನ ಹಕ್ಕಿಗೆ, ಇರುವೆಗೆ, ಹುಳುಹುಪ್ಪಟೆಗೆ. ಅನ್ನಕ್ಕೆಂದು ಬಂದ ಹಕ್ಕಿಗಳು ಕಡಲೆಯ, ತೊಗರಿಯ ಕಾಯಿಕೊರಕ ಹುಳುಗಳನ್ನೂ ಹೆಕ್ಕುತ್ತವೆ ಎಂಬುದು ರೈತರ ಅನುಭವದ ಮಾತು.

ಚರಗ ಮುಗಿದ ಮೇಲೆ ಗಿಡದ ನೆರಳಲ್ಲಿ ಸಾಲಾಗಿ ಕೂತು ಊಟ. ಹೊಲವಿಲ್ಲದ ನೆರೆಯವರು, ಕೂಲಿಗೆ ಬರುವವರು, ಬೇರೆ ಜಾತಿ ಧರ್ಮದ ಗೆಳೆಯರು ಎಲ್ಲರಿಗೂ ಕರೆ ಇರುತ್ತದೆ. ಪಟ್ಟಣದಲ್ಲಿ ನೌಕರಿ ಮಾಡುವವರು ಪರಿಚಯದವರ ಹೊಲ ಹುಡುಕಿಕೊಂಡು ಬರುತ್ತಾರೆ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದವರಲ್ಲಿ ಬರಲಾದವರು ಊರಿಗೆ ಬರುತ್ತಾರೆ. ಊಟವಾದ ಮೇಲೆ ಮಕ್ಕಳು ಬದುವಿನ ಬಾರಿಹಣ್ಣಿಗೆ ಓಡಿದರೆ ದೊಡ್ಡವರು ಹಸಿ ಕಡಲೆ ಗಿಡ ಕಿತ್ತು, ಸೋಗೆಯ ಬೆಂಕಿಯಲ್ಲಿ ಸುಲಗಾಯಿ ಸುಡುತ್ತಾರೆ. ಕಡಲೆ ಗಿಡ ಮುಟ್ಟಿದ ಬೆರಳನ್ನು ನಾಲಿಗೆಗೆ ಹಚ್ಚಿದರೆ ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳು ಆಮ್ಲ ಒಸರುತ್ತವೆ, ಇಬ್ಬನಿಯಲ್ಲಿ ಅದು ಕರಗಿರುತ್ತದೆ. ಹಿಂದೆ ರಾತ್ರಿ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆ ಮದ್ದೆಂದು ಬಾಟಲಿಯಲ್ಲಿ ಕಾಪಾಡುತ್ತಿದ್ದರು. ಇಂಥ ಸಂಗತಿ ಓದಿ ತಿಳಿಯುವುದಕ್ಕಿಂತ ಹೊಲದಲ್ಲಿ ನಿಂತು ನೆಕ್ಕಿ ತಿಳಿಯುವುದೇ ಚೆಂದ.

ಗಡಿಯಾಚೆ ಮಹಾರಾಷ್ಟ್ರದ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿಯೂ ಇದೇ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲು ಕಟ್ಟಿ, ಬಜ್ಜಿ ಮತ್ತು ಅಂಬಲಿ ಎಡೆ ಹಿಡಿಯುತ್ತಾರೆ. ಒಂದೇ ಮಣ್ಣು, ಒಂದೇ ಬೆಳೆ, ಒಂದೇ ಹಬ್ಬ.

ಹಿಂಗಾರಿ ಜೋಳದ ಹೊಲಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕಾಲುವೆ ನೀರು ಬಂದ ಕಡೆ ಕಬ್ಬು, ಭತ್ತ ಬಂದಿವೆ. ಉಳಿದೆಡೆ ಕಡಲೆ, ತೊಗರಿ ಹೆಚ್ಚಿವೆ. ತುಂಡಾದ ಹೊಲಗಳು, ಊರು ಬಿಟ್ಟ ಮಕ್ಕಳು, ಮಾರಾಟವಾದ ಜಮೀನು ಇವೂ ಹಬ್ಬವನ್ನು ಸಣ್ಣದಾಗಿಸಿವೆ. ಹಾಗಿದ್ದರೂ ಒಂದು ಎಕರೆ ಉಳಿದ ಮನೆಯೂ ಅಂದು ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಹೊಲವಿರುವ ಗೆಳೆಯರು ಈ ಸೀಮೆಯಲ್ಲಿ ಇದ್ದರೆ ಮುಂದಿನ ಎಳ್ಳಮಾವಾಸ್ಯೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇವೆಂದು ಓದುಗರು ಈಗಲೇ ಹೇಳಿಡಬಹುದು. ಅಂದು ಹೊಲಕ್ಕೆ ಬಂದವರನ್ನು ಉಣ್ಣಿಸದೆ ಯಾರೂ ಕಳಿಸುವುದಿಲ್ಲ.