ಅರಳು ಮರಳಲ್ಲ, ಸನ್ನಿ!

ಎಪ್ಪತ್ತೆಂಟು ವರ್ಷದ ತಂದೆ. ಮೊನ್ನೆಯವರೆಗೂ ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮನೆಯ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತಿದ್ದವರು. ತೊಡೆಯ ಮೂಳೆ ಮುರಿದು ಆಸ್ಪತ್ರೆ ಸೇರಿದರು; ಶಸ್ತ್ರಚಿಕಿತ್ಸೆಯೂ ನಿರ್ವಿಘ್ನವಾಗಿ ನೆರವೇರಿತು. ಮೂರನೆಯ ರಾತ್ರಿ ಅವರು ಮಗನ ಗುರುತು ಹಿಡಿಯಲಿಲ್ಲ. ಎಂದೋ ತೀರಿಕೊಂಡ ತಮ್ಮನನ್ನು ಕೂಗಿ ಕರೆದರು. ಕೈಗೆ ಚುಚ್ಚಿದ್ದ ಸೂಜಿಯನ್ನು ಕಿತ್ತೆಸೆದರು. ಬೆಳಗಾಗುವಷ್ಟರಲ್ಲಿ ಮತ್ತೆ ಶಾಂತರಾಗಿದ್ದರು. ನೋಡಲು ಬಂದ ನೆಂಟರು, "ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ಇವರಿಗೆ ಸ್ವಲ್ಪ ತಡವಾಗಿ ಬಂತು" ಎಂದು ಸಮಾಧಾನ ಹೇಳಿ ಹೊರಟರು.

ಇಂತಹ ದೃಶ್ಯ ಲೋಕದ ಯಾವ ಆಸ್ಪತ್ರೆಗೂ ಹೊಸದಲ್ಲ. ಆ ಸಮಾಧಾನದ ಮಾತೂ ಹಳೆಯದೇ. ಆದರೆ ಅದು ತಪ್ಪು ಮಾತು. ತಪ್ಪೆಂಬುದನ್ನು ಅಳೆದು ತೂಗಿ ತೋರಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ವೃದ್ಧಾಪ್ಯ ವೈದ್ಯೆ ಡಾ. ಶರನ್ ಇನೋಯೆ.

ಅರಳು ಮರಳು ವರ್ಷಗಟ್ಟಲೆ ನಿಧಾನವಾಗಿ ಆವರಿಸುತ್ತದೆ. ಸನ್ನಿ ಹಾಗಲ್ಲ, ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಎರಗುತ್ತದೆ. ಸೋಂಕು, ನೋವು, ನಿದ್ದೆಗೇಡು, ದೇಹದ ನೀರು ಬತ್ತುವುದು, ಒಗ್ಗದ ಔಷಧ ಇವುಗಳಲ್ಲಿ ಯಾವುದಾದರೊಂದು, ಹಲವು ಸಲ ಎರಡು ಮೂರು ಸೇರಿ, ಅದಕ್ಕೆ ಕಾರಣವಾಗಿರುತ್ತವೆ. ಕಾರಣವನ್ನು ಹುಡುಕಿ ನಿವಾರಿಸಿದರೆ ಮನಸ್ಸು ತಿಳಿಯಾಗುವ ಸಂಭವವುಂಟು. ಮುಪ್ಪಿನ ಧರ್ಮವೆಂದು ಕೈಚೆಲ್ಲಿದರೆ ಒಳಗಿನ ರೋಗವೂ ಕಣ್ತಪ್ಪಿ ಹೋಗುತ್ತದೆ.

ಇನೋಯೆಯವರು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆ ತೊಡಗಿದಾಗ ಈ ವ್ಯಾಧಿಗೆ ಹತ್ತು ವೈದ್ಯರು ಹತ್ತು ಹೆಸರುಗಳನ್ನಿಡುತ್ತಿದ್ದರು. ಊರಿಗೊಂದು ಸೇರು ಇದ್ದರೆ ಭತ್ತದ ಲೆಕ್ಕ ಸರಿಬಾರದಷ್ಟೆ! ಮೊದಲು ಬೇಕಾದದ್ದು ಎಲ್ಲರೂ ಒಪ್ಪುವ ಒಂದು ಅಳತೆಗೋಲು. 1990ರಲ್ಲಿ ಆಕೆ ಸಂಗಡಿಗರೊಡನೆ ಅದನ್ನು ಪ್ರಕಟಿಸಿದರು. 'ಕ್ಯಾಮ್' ಎಂಬ ಚಿಕ್ಕ ಹೆಸರಿನ ಆ ವಿಧಾನ ನಾಲ್ಕು ಸಂಗತಿಗಳನ್ನು ಕೇಳುತ್ತದೆ. ಬದಲಾವಣೆ ಹಠಾತ್ತನೆ ಬಂದು ಏರಿಳಿಯುತ್ತಿದೆಯೆ? ಗಮನ ಒಂದೆಡೆ ನಿಲ್ಲದೆ ಹೋಗುತ್ತಿದೆಯೆ? ಮಾತು ಎಳೆ ತಪ್ಪಿದೆಯೆ? ಎಚ್ಚರದಲ್ಲಿ ವ್ಯತ್ಯಾಸವುಂಟೆ? ಮೊದಲೆರಡು ಇದ್ದು, ಉಳಿದೆರಡರಲ್ಲಿ ಒಂದು ಸೇರಿದರೂ ಸನ್ನಿಯೆಂದೇ ತಿಳಿಯಬೇಕು. ಮನೋವೈದ್ಯರಲ್ಲದವರೂ ಮಂಚದ ಬಳಿಯಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಸಬಹುದಾದ ಪರೀಕ್ಷೆ ಇದು. 56 ಮಂದಿ ರೋಗಿಗಳಲ್ಲಿ ಇದರ ಫಲಿತಾಂಶವನ್ನು ಮನೋವೈದ್ಯರ ನಿರ್ಣಯದೊಡನೆ ಹೋಲಿಸಿದಾಗ ಎರಡೂ ಬಹುಮಟ್ಟಿಗೆ ತಾಳೆಯಾದವು.

ಗುರುತಿಸುವುದಾಯಿತು; ತಡೆಯುವುದು ಸಾಧ್ಯವೆ? 1999ರಲ್ಲಿ ಪ್ರಕಟವಾದ ಆಕೆಯ ಪ್ರಯೋಗ ಈ ಪ್ರಶ್ನೆಗೆ ಉತ್ತರವಿತ್ತಿತು. ಎಪ್ಪತ್ತು ದಾಟಿದ 852 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ವಿಶೇಷ ಆರೈಕೆ ದೊರೆಯಿತು. ಅದರಲ್ಲಿ ಹೊಸ ಔಷಧವೇನೂ ಇರಲಿಲ್ಲ. ಸ್ಥಳ, ದಿನಗಳನ್ನು ನೆನಪಿಸುವ ಮಾತುಕತೆ, ಕನ್ನಡಕ, ಕಿವಿಯ ಯಂತ್ರ, ಕುಡಿಯಲು ಸಾಕಷ್ಟು ನೀರು, ಬೇಗನೆ ಎಬ್ಬಿಸಿ ನಡೆದಾಡಿಸುವುದು, ರಾತ್ರಿ ನಿದ್ದೆಯ ಗುಳಿಗೆಗೆ ಬದಲಾಗಿ ಬಿಸಿ ಹಾಲು, ಬೆನ್ನು ನೀವುವುದು, ಇಷ್ಟೇ! ಸಾಮಾನ್ಯ ಆರೈಕೆ ಪಡೆದವರಲ್ಲಿ ನೂರಕ್ಕೆ 15 ಮಂದಿಗೆ ಸನ್ನಿ ತಗುಲಿದರೆ, ಇವರಲ್ಲಿ ತಗುಲಿದ್ದು 9.9 ಮಂದಿಗೆ. ಇನ್ನೊಂದು ಪಾಠವೂ ದೊರೆಯಿತು: ಸನ್ನಿ ಒಮ್ಮೆ ತಲೆಯೆತ್ತಿದ ಮೇಲೆ ಅದರ ಉಗ್ರತೆಯನ್ನು ಈ ಆರೈಕೆ ತಗ್ಗಿಸಲಿಲ್ಲ. ಬರುವ ಮುನ್ನ ತಡೆಯುವುದೇ ಮೇಲು.

ವಿದ್ವಾಂಸರ ಲೋಕದಲ್ಲಿ ಒಂದು ಪ್ರಬಂಧದ ತೂಕವನ್ನು ಅಳೆಯುವ ಪರಿಪಾಠವೊಂದುಂಟು. ಮುಂದೆ ಬಂದವರು ಎಷ್ಟು ಸಲ ಅದನ್ನು ತಮ್ಮ ಬರಹಗಳಲ್ಲಿ ಹೆಸರಿಸಿದರೆಂದು ಎಣಿಸುವುದು. 1990ರ ಪ್ರಬಂಧ ಹೀಗೆ ಸಾವಿರಾರು ಸಲ ಉಲ್ಲೇಖಗೊಂಡಿದೆ. ಇದು ಬರಿಯ ಪ್ರಶಂಸೆಯ ಲೆಕ್ಕವಲ್ಲ. ಸೇರನ್ನು ಕೈಗೆತ್ತಿಕೊಂಡವರೆಲ್ಲ ಸೇರು ಮಾಡಿದವರ ಹೆಸರು ಹೇಳಬೇಕಾಗುತ್ತದೆ. ಅನೇಕ ಭಾಷೆಗಳಿಗೆ ಆ ವಿಧಾನ ಅನುವಾದಗೊಂಡಿತು. 2001ರಲ್ಲಿ ಸಂಶೋಧಕರು ಉಸಿರಾಟದ ಯಂತ್ರಕ್ಕೊಳಪಟ್ಟು ಮಾತನಾಡಲಾರದ ರೋಗಿಗಳಿಗೂ ಅದನ್ನು ಅಳವಡಿಸಿದರು.

ಮುಂದೆ ಹಾರ್ವರ್ಡ್ ಸೇರಿದ ಇನೋಯೆ, 560 ಮಂದಿ ಹಿರಿಯರನ್ನು ಶಸ್ತ್ರಚಿಕಿತ್ಸೆಗೆ ಮೊದಲಿನಿಂದ ಹಿಡಿದು ವರ್ಷಗಳ ಕಾಲ ಗಮನಿಸಿದ ತಂಡದ ನೇತೃತ್ವ ವಹಿಸಿದರು. ಸನ್ನಿಗೊಳಗಾದವರ ಬುದ್ಧಿಶಕ್ತಿ ಮುಂದಿನ ವರ್ಷಗಳಲ್ಲಿ ಇತರರಿಗಿಂತ ಬೇಗ ಕುಗ್ಗಿತೆಂದು ಆ ಅಧ್ಯಯನ ಕಂಡುಕೊಂಡಿತು. 2023ರಲ್ಲಿ ಆಕೆ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯೊಂದಕ್ಕೆ ಪ್ರಧಾನ ಸಂಪಾದಕಿಯಾದರು.

ಆದರೂ ಗ್ರಂಥಾಲಯದಿಂದ ರೋಗಿಯ ಮಂಚಕ್ಕಿರುವ ದಾರಿ ದೂರದ್ದು. ಗದ್ದಲ ಮಾಡದೆ ಮಂಕಾಗಿ ಮಲಗಿಬಿಡುವ ಮುದುಕರ ಸನ್ನಿ ಇಂದಿಗೂ ಎಷ್ಟೋ ಕಡೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಮನೆಯವರ ಪಾತ್ರ ಹಿರಿದು. ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಬರುವುದು ಸಾಮಾನ್ಯವಾಗಿ ದಾದಿಯಿಂದ, ಇಲ್ಲವೆ ಮನೆಯವರಿಂದ. ನಿನ್ನೆಯಷ್ಟೇ ಕಂಡ ವೈದ್ಯರಿಗೆ ರೋಗಿಯ ಮೊನ್ನೆಯ ಮನಸ್ಸು ತಿಳಿಯುವ ಬಗೆಯಾದರೂ ಹೇಗೆ? ನೆಂಟರ ಸಮಾಧಾನಕ್ಕೆ ತಲೆಯಾಡಿಸದೆ, "ಸ್ವಾಮಿ, ನಮ್ಮ ತಂದೆ ಮೊನ್ನೆಯವರೆಗೆ ಹೀಗಿರಲಿಲ್ಲ" ಎಂದು ಮಗ ವೈದ್ಯರಿಗೆ ಹೇಳಿದರೆ, ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.